ಶ್ರುತಿಕವೆಯ ಪೆಟ್ಟಿಗೆ ಮತ್ತು ಕಂಪ್ಯೂಟರಿನ ಗಾಂಧಾರ

ನಿಮ್ಮ ಶಾಲೆ ಅಥವಾ ಕಾಲೇಜಿನ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಶ್ರುತಿಕವೆಗಳ ಒಂದು ಪೆಟ್ಟಿಗೆ ಇರುತ್ತದೆ. ಅನುನಾದ ಕೊಳವೆಯ ಪ್ರಯೋಗಕ್ಕೋ ಸೋನೋಮೀಟರಿನ ಪ್ರಯೋಗಕ್ಕೋ ವರ್ಷಕ್ಕೊಮ್ಮೆ ಹೊರಬರುವ ಆ ಕವೆಗಳ ಮೇಲೆ ಕೊರೆದಿರುವ ಸಂಖ್ಯೆಗಳನ್ನು ಒಮ್ಮೆ ಗಮನವಿಟ್ಟು ಓದಿ: 256, 288, 320, 341.3, 384, 426.6, 480, 512. ಇದರಲ್ಲಿ 256ನ್ನು ಷಡ್ಜವೆಂದು ಹಿಡಿದರೆ 384 ಪಂಚಮ, ಅನುಪಾತ 3:2. 320 ಗಾಂಧಾರ, ಅನುಪಾತ ಸರಿಯಾಗಿ 5:4. ಈಗ ಕಂಪ್ಯೂಟರಿನಲ್ಲಿ ಯಾವುದಾದರೊಂದು ಸ್ವರಲಿಪಿ ತಂತ್ರಾಂಶವನ್ನು ತೆರೆದು, ಷಡ್ಜ ಮತ್ತು ಗಾಂಧಾರವನ್ನು ಬರೆದು ನುಡಿಸಿ. ಅನುಪಾತ 5:4 ಬರುವುದಿಲ್ಲ, 1.2599 ಬರುತ್ತದೆ. ಅಂದರೆ ಷಡ್ಜ 256 ಹರ್ಟ್ಸ್ ಆದರೆ ಗಾಂಧಾರ 322.5 ಹರ್ಟ್ಸ್. ಪೆಟ್ಟಿಗೆ ಒಂದು ಹೇಳುತ್ತದೆ, ಪರದೆ ಇನ್ನೊಂದು ಹೇಳುತ್ತದೆ. ಸಂಗೀತದ ತಂತ್ರಾಂಶಗಳನ್ನು ಕಲಿಯುವ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಈ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿದ್ದಾರೆ?

ಇದನ್ನು ನೀವೇ ಪರೀಕ್ಷಿಸಬಹುದು. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಬೇಕಾದ ಆವೃತ್ತಿಯ ಶುದ್ಧ ನಾದವನ್ನು ಉತ್ಪಾದಿಸುವ ಸೌಲಭ್ಯವಿದೆ. 322.5 ಎಂದು ಕೊಟ್ಟು ಸಣ್ಣಗೆ ನುಡಿಸುತ್ತ, ಸ್ಪೀಕರಿನ ಪಕ್ಕದಲ್ಲಿ 320ರ ಕವೆಯನ್ನು ರಬ್ಬರ್ ಮೆತ್ತೆಗೆ ಬಡಿದು ಹಿಡಿಯಿರಿ. ಎರಡು ಸೆಕೆಂಡಿಗೆ ಐದು ಸಲ ಶಬ್ದ ಏರಿ ಇಳಿಯುವುದು ಕೇಳಿಸುತ್ತದೆ. ಬೀಟ್ಸ್ ಎಂದು ನಾವು ಪಾಠ ಮಾಡುವ ವಿಸ್ಪಂದಗಳು ಇವೇ. ಕಿವಿಗೆ ಸಂಗೀತದ ಅಭ್ಯಾಸವೇ ಬೇಕಾಗಿಲ್ಲ, ಎಣಿಸಲು ಬಂದರೆ ಸಾಕು.

ಈ ವಿಷಯವನ್ನು ನಾನು ಕೈಗೆತ್ತಿಕೊಳ್ಳಲು ಕಾರಣ ಒಬ್ಬ ವಿದ್ಯಾರ್ಥಿಯ ನೋಟ್‌ಬುಕ್. ಕಲಬುರಗಿ ನಗರಕ್ಕೆ ಅಂಟಿಕೊಂಡಂತಿರುವ ಶರಣಸಿರಸಗಿಯಿಂದ ಕಾಲೇಜಿಗೆ ಬರುವ ಬಿ.ಎಸ್ಸಿ. ವಿದ್ಯಾರ್ಥಿ ಅವನು. ಮನೆಯಲ್ಲಿ ಮುತ್ಯಾ ಏಕತಾರಿ ಹಿಡಿದು ತತ್ವಪದ ಹಾಡುತ್ತಾರೆ. ನಮ್ಮ ಜಿಲ್ಲೆಯವರಿಗೆ ಇದು ಹೊಸದೇನಲ್ಲ. ಕಡಕೋಳ ಮಡಿವಾಳಪ್ಪನವರ ಪದಗಳು ಊರೂರ ಭಜನೆಗಳಲ್ಲಿ ಇಂದಿಗೂ ಕೇಳಿಬರುತ್ತವೆ. ಮುತ್ಯಾನ ಪದಗಳನ್ನು ಬರೆದಿಡಬೇಕು, ಚೆನ್ನಾಗಿ ಧ್ವನಿಮುದ್ರಿಸಿ ತಾಳವಾದ್ಯ ಸೇರಿಸಿ ಸಿದ್ಧಪಡಿಸಬೇಕು ಎಂದು ಈತ ಸ್ವರಲಿಪಿ ತಂತ್ರಾಂಶ ಮ್ಯೂಸ್‌ಸ್ಕೋರ್, ಧ್ವನಿಮುದ್ರಣಕ್ಕೆ ಆಡಾಸಿಟಿ, ಆಮೇಲೆ ಬೇರೆ ಬೇರೆ ಧ್ವನಿಗಳನ್ನು ಜೋಡಿಸಿ ಹದಗೊಳಿಸುವ ಇನ್ನೊಂದು ತಂತ್ರಾಂಶ, ಹೀಗೆ ಮೂರನ್ನು ತಾನೇ ಕಲಿತ. ಕಲಿಯುವಾಗ ಎದುರಾದದ್ದನ್ನೆಲ್ಲ ದಿನಾಂಕ ಹಾಕಿ ಬರೆದಿಟ್ಟಿದ್ದಾನೆ. ಭೌತವಿಜ್ಞಾನದ ವಿದ್ಯಾರ್ಥಿಗಳು ಪ್ರಾಯೋಗಿಕ ದಾಖಲೆ ಪುಸ್ತಕವನ್ನು ಹೀಗೆ ಬರೆದಿದ್ದರೆ ನಮ್ಮ ಪರೀಕ್ಷಕರ ಅರ್ಧ ಕಷ್ಟ ಕಡಿಮೆಯಾಗುತ್ತಿತ್ತು!

ನೋಟ್‌ಬುಕ್ಕಿನ ಮೊದಲ ಪುಟದ ಮೊದಲ ದೂರು: ಏನನ್ನೂ ಬರೆಯುವ ಮೊದಲೇ ತಂತ್ರಾಂಶ ಮೂರು ತೀರ್ಮಾನಗಳನ್ನು ತೆಗೆದುಕೊಂಡಿತ್ತು. ಲಯ ನಿಮಿಷಕ್ಕೆ 120 ಮಾತ್ರೆ, ಆವರ್ತನಕ್ಕೆ ನಾಲ್ಕು ಮಾತ್ರೆ, ಶ್ರುತಿಯ ಆಧಾರ 440 ಹರ್ಟ್ಸ್. ಕಂಪ್ಯೂಟರ್ ಬಳಸುವವರು ಇವನ್ನು ಡೀಫಾಲ್ಟ್ ಎನ್ನುತ್ತಾರೆ. ನಾವು ಪೂರ್ವನಿಗದಿ ಎನ್ನೋಣ. ಪೂರ್ವನಿಗದಿ ಇರುವುದು ತಪ್ಪಲ್ಲ. ಎಲ್ಲಿಂದಲೋ ಆರಂಭಿಸಲೇಬೇಕು. ತೊಂದರೆ ಎಂದರೆ, ಹೊಸದಾಗಿ ಕಲಿಯುವವನು ಅದನ್ನು ನಿಸರ್ಗದ ನಿಯಮವೆಂದು ತಿಳಿಯುತ್ತಾನೆ. 440 ಹರ್ಟ್ಸ್ ನಿಸರ್ಗದಲ್ಲಿ ಎಲ್ಲಿಯೂ ಬರೆದಿಲ್ಲ. 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಸಮ್ಮೇಳನವೊಂದು ಒಪ್ಪಿಕೊಂಡ ಸಂಖ್ಯೆ ಅದು. 1975ರಲ್ಲಿ ಅಂತಾರಾಷ್ಟ್ರೀಯ ಮಾನಕ ಸಂಸ್ಥೆ ಅದನ್ನು 16ನೇ ಸಂಖ್ಯೆಯ ಮಾನಕವಾಗಿ ಪ್ರಕಟಿಸಿತು. ಬೇರೆ ಬೇರೆ ಊರಿನ ವಾದ್ಯಗಳು ಒಂದೇ ವೇದಿಕೆಯಲ್ಲಿ ನುಡಿಯಬೇಕಾದರೆ ಇಂಥ ಒಪ್ಪಂದ ಬೇಕು. ಮುತ್ಯಾನ ಏಕತಾರಿಗೆ ಬೇಕಿಲ್ಲ. ಅವರು ತಂತಿಯನ್ನು ಬಿಗಿಯುವುದು ಆ ದಿನದ ತಮ್ಮ ಕೊರಳಿಗೆ. ಅದು ಹಾರ್ಮೋನಿಯಂ ಲೆಕ್ಕದಲ್ಲಿ ಕರಿ ಒಂದಕ್ಕೂ ಅದರ ಪಕ್ಕದ ಬಿಳಿ ಎರಡಕ್ಕೂ ನಡುವೆ, ಅಂದರೆ 138.6 ಮತ್ತು 146.8 ಹರ್ಟ್ಸ್‌ಗಳ ನಡುವೆ ಎಲ್ಲಿಯೋ ನಿಲ್ಲುತ್ತದೆ. ಆ ಷಡ್ಜಕ್ಕೆ ತಂತ್ರಾಂಶದ ಸ್ವರಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಹುಡುಗ ಮುದ್ರಿತ ಧ್ವನಿಯನ್ನೇ ಕೆಳಗಿಳಿಸಿ ಕರಿ ಒಂದಕ್ಕೆ ತಂದ. ಆಧಾರ ಶ್ರುತಿಯನ್ನು ಬದಲಿಸುವ ಸೌಲಭ್ಯ ಒಳಗೆ ಇದೆ ಎಂದು ಅವನಿಗೆ ತಿಳಿದದ್ದು ಬಹಳ ತಡವಾಗಿ.

ಈಗ ಗಾಂಧಾರಕ್ಕೆ ಬರೋಣ. ಒಂದು ಸ್ಥಾಯಿಯನ್ನು ಹನ್ನೆರಡು ಸಮಾನ ಮೆಟ್ಟಿಲುಗಳಾಗಿ ಕತ್ತರಿಸಿದರೆ ಪ್ರತಿ ಮೆಟ್ಟಿಲಿನ ಅನುಪಾತ 2ರ ಹನ್ನೆರಡನೆಯ ಮೂಲ, ಅಂದರೆ ಸುಮಾರು 1.0595. ಇದರ ಲಾಭ ದೊಡ್ಡದು: ಯಾವ ಪಟ್ಟಿಯನ್ನು ಷಡ್ಜ ಮಾಡಿದರೂ ಅಂತರಗಳು ಒಂದೇ. ಪಿಯಾನೊ, ಗಿಟಾರ್, ನಮ್ಮ ಹಾರ್ಮೋನಿಯಂ ಎಲ್ಲವೂ ಸಾಮಾನ್ಯವಾಗಿ ಈ ಕ್ರಮದಲ್ಲಿಯೇ ಇರುತ್ತವೆ. ಆದರೆ ಇದಕ್ಕೆ ತೆತ್ತ ಬೆಲೆ ಗಾಂಧಾರದಲ್ಲಿದೆ. ಏಕತಾರಿಯ ತಂತಿ 138.6 ಹರ್ಟ್ಸ್‌ನಲ್ಲಿ ಕಂಪಿಸುತ್ತಿದೆ ಎನ್ನಿ. ಮೀಟಿದ ತಂತಿ ಒಂದೇ ಆವೃತ್ತಿಯಲ್ಲಿ ಕಂಪಿಸುವುದಿಲ್ಲ. ಅದರ ಎರಡು, ಮೂರು, ನಾಲ್ಕು, ಐದರಷ್ಟು ಆವೃತ್ತಿಯ ಉಪಸ್ವರಗಳೂ ಜೊತೆಗಿರುತ್ತವೆ. ಐದನೆಯ ಉಪಸ್ವರ 693 ಹರ್ಟ್ಸ್. ಹಾಡುವವನು 5:4ರ ಗಾಂಧಾರದಲ್ಲಿ, ಎಂದರೆ 173.25ರಲ್ಲಿ ನಿಂತರೆ ಅವನ ಕೊರಳಿನ ನಾಲ್ಕನೆಯ ಉಪಸ್ವರವೂ 693. ಎರಡೂ ಒಂದರ ಮೇಲೊಂದು ಕುಳಿತು ಶಾಂತವಾಗುತ್ತವೆ. ಹಾರ್ಮೋನಿಯಂನ ಗಾಂಧಾರ 174.6, ಅದರ ನಾಲ್ಕನೆಯ ಉಪಸ್ವರ 698.5. ಈಗ ಸೆಕೆಂಡಿಗೆ ಐದೂವರೆ ವಿಸ್ಪಂದಗಳು. ತಂಬೂರಿಯ ಜೊತೆ ಹಾಡುವವರು ‘ಸ್ವರ ಹತ್ತಿತು’ ಎಂದು ಹೇಳುವಾಗ ಅದು ಬರಿಯ ಭಾವನೆಯಲ್ಲ. ವಿಸ್ಪಂದ ನಿಂತಿತು ಎಂದು ಅವರ ಕಿವಿ ವರದಿ ಕೊಡುತ್ತಿದೆ.

ಇಲ್ಲಿಯವರೆಗಿನದು ಹಳೆಯ ವ್ಯಾಜ್ಯ. ಹಾರ್ಮೋನಿಯಂ ಬಂದಾಗಲೇ ಇದು ಶುರುವಾಗಿತ್ತು, ಮತ್ತೆ ಎಳೆಯುವ ಉದ್ದೇಶ ನನಗಿಲ್ಲ. ತಂತ್ರಾಂಶದಲ್ಲಿ ಹೊಸದಾಗಿ ಸೇರಿಕೊಂಡದ್ದು ಇನ್ನೊಂದು, ಮತ್ತು ನನ್ನ ಮುಖ್ಯ ಆಕ್ಷೇಪಣೆ ಇರುವುದು ಅಲ್ಲಿಯೇ.

ಪದದ ಒಂದು ಕಡೆ ಮುತ್ಯಾ ಪಂಚಮದಿಂದ ಗಾಂಧಾರಕ್ಕೆ ಎಲ್ಲಿಯೂ ಮುರಿಯದೆ ಇಳಿದು ಬರುತ್ತಾರೆ. ಇದು ಮೀಂಡ್. ಹುಡುಗ ಪಂಚಮ ಬರೆದ, ಗಾಂಧಾರ ಬರೆದ, ನಡುವೆ ಜಾರುವ ಗೆರೆ ಎಳೆದ, ನುಡಿಸುವ ಗುಂಡಿ ಒತ್ತಿದ. ಕೇಳಿದ ಮುತ್ಯಾ ಹೇಳಿದ್ದನ್ನು ಹಾಗೆಯೇ ಬರೆದುಕೊಂಡಿದ್ದಾನೆ: “ತಮ್ಮಾ, ಇದು ಪಾವಟಿಗಿ ಇಳ್ದಂಗ ಅದ. ನಾ ಜಾರಿ ಬರ್ತೀನಿ.”

ಆ ಮಾತು ಅಕ್ಷರಶಃ ನಿಜ. ಆ ತಂತ್ರಾಂಶ ಪೂರ್ವನಿಗದಿಯಲ್ಲಿ ಜಾರುವ ಗೆರೆಯನ್ನು ನುಡಿಸುವುದು ನಡುವಿನ ಅರ್ಧಸ್ವರಗಳನ್ನು ಒಂದಾದ ಮೇಲೊಂದು ಒತ್ತುವುದರ ಮೂಲಕ. ಪಿಯಾನೊದ ಪಟ್ಟಿಗಳ ಮೇಲೆ ಬೆರಳೆಳೆದ ಹಾಗೆ. ಅಖಂಡವಾಗಿ ಜಾರಿಸುವ ಆಯ್ಕೆಯೂ ಇದೆ, ಆದರೆ ಅದನ್ನು ಗುಣಲಕ್ಷಣಗಳ ಪಟ್ಟಿಯೊಳಗೆ ಹುಡುಕಿ ಬದಲಿಸಬೇಕು. ಬದಲಿಸಿದರೂ ಎಲ್ಲಿ ನಿಧಾನ, ಎಲ್ಲಿ ಬೇಗ, ಮಧ್ಯಮದ ಬಳಿ ಎಷ್ಟು ಹೊತ್ತು ತಡೆದು ಇಳಿಯಬೇಕು ಎಂಬುದು ಗೆರೆಯಲ್ಲಿಲ್ಲ.

ನೀವು ಕೇಳಬಹುದು: ಕಾಗದದ ಮೇಲಿನ ಸ್ವರಲಿಪಿಯಲ್ಲಿ ಮಾತ್ರ ಇದೆಲ್ಲ ಇದೆಯೇ? ಇಲ್ಲ. ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರ (1860–1936) ಲಿಪಿಯನ್ನೇ ನೋಡಿ. ಕೋಮಲ ಸ್ವರಕ್ಕೆ ಅಡಿಗೆರೆ, ತೀವ್ರ ಮಧ್ಯಮಕ್ಕೆ ನೆತ್ತಿಯ ಮೇಲೆ ನಿಂತ ಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ, ಮೀಂಡಿಗೆ ಒಂದು ಕಮಾನು. ಆ ಕಮಾನು ಕೂಡ ಎಷ್ಟು ವೇಗ ಎಂದು ಹೇಳುವುದಿಲ್ಲ. ಆದರೆ ಆ ಪುಸ್ತಕ ಸುಮ್ಮನೆ ಇರುತ್ತದೆ. ತಾನಾಗಿ ಹಾಡುವುದಿಲ್ಲ. ಅದನ್ನು ತೆರೆದವನು ಗುರುವಿನ ಮುಂದೆ ಕೂತಿದ್ದಾನೆ, ಬಿಟ್ಟ ಜಾಗವನ್ನು ಗುರು ತುಂಬುತ್ತಾನೆ ಎಂಬ ಭರವಸೆಯಲ್ಲಿ ಬರೆದ ಲಿಪಿ ಅದು. ತಂತ್ರಾಂಶದ ಲಿಪಿ ಹಾಗಲ್ಲ. ಬರೆದ ತಕ್ಷಣ ಹಾಡಿ ತೋರಿಸುತ್ತದೆ. ಬಿಟ್ಟ ಜಾಗವನ್ನು ತನ್ನ ಪೂರ್ವನಿಗದಿಯಿಂದ ತುಂಬಿ, ಪೂರ್ಣವಾದದ್ದನ್ನು ಕೊಟ್ಟೆನೆಂಬಂತೆ ನುಡಿಸುತ್ತದೆ. ನೆನಪಿನ ಗುರುತಾಗಿದ್ದ ಲಿಪಿ ಗುರುವಿನ ಗಾದಿಯ ಮೇಲೆ ಕೂತುಬಿಡುತ್ತದೆ.

ಇದರ ಪರಿಣಾಮ ನೋಟ್‌ಬುಕ್ಕಿನಲ್ಲಿಯೇ ಇದೆ. ಎರಡು ತಿಂಗಳು ಈ ಹುಡುಗ ಮುತ್ಯಾನ ಬದಲು ತಂತ್ರಾಂಶದ ನುಡಿಸಾಣಿಕೆಯ ಜೊತೆ ಹಾಡಿ ಅಭ್ಯಾಸ ಮಾಡಿದ. ಅದು ರಾತ್ರಿ ಹನ್ನೊಂದಕ್ಕೂ ದಣಿಯುವುದಿಲ್ಲ, ಬೈಯುವುದೂ ಇಲ್ಲ. ಆಮೇಲೆ ಸೋಮವಾರದ ಭಜನೆಯಲ್ಲಿ ಏಕತಾರಿಯ ಜೊತೆ ಕೂತಾಗ ಅವನ ಗಾಂಧಾರ ಮೇಲೆ ಹೋಗಿತ್ತು, ಮೀಂಡ್ ಪಾವಟಿಗೆಯಾಗಿತ್ತು. ಹಿರಿಯರು ನಕ್ಕರು. ಪರದೆಯ ಮೇಲಿನ ಶ್ರುತಿಸೂಚಕ ಮಾತ್ರ ಹಸಿರು ದೀಪ ತೋರಿಸುತ್ತಿತ್ತು. ಯಾರು ಸರಿ ಎಂದು ಅವನು ನನ್ನ ಹತ್ತಿರ ಬಂದು ಕೇಳಿದ. “ಸರ್, ಮಿಷಿನ್ ಸುಳ್ಳು ಹೇಳ್ತದೇನ್ರಿ?” ಇಲ್ಲ, ಅದು ತನ್ನ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಹೇಳುತ್ತಿತ್ತು. ಆ ಪ್ರಶ್ನೆ ಮಾತ್ರ ಅವನದ್ದಾಗಿರಲಿಲ್ಲ.

ಯಂತ್ರಕ್ಕೆ ಇದು ಸಾಧ್ಯವೇ ಇಲ್ಲ ಎಂದು ವಾದಿಸುವವರೂ ಇದ್ದಾರೆ. ಅದು ತಪ್ಪು. 1983ರಲ್ಲಿ ರೂಪುಗೊಂಡ ಮಿಡಿ ಎಂಬ ಸಂಕೇತ ವ್ಯವಸ್ಥೆ ಇಂದಿಗೂ ಈ ತಂತ್ರಾಂಶಗಳ ಬೆನ್ನೆಲುಬು. ಅದರಲ್ಲಿ ಸ್ವರಗಳಿಗೆ 0ಯಿಂದ 127ರವರೆಗೆ ಸಂಖ್ಯೆಗಳಿವೆ. 440 ಹರ್ಟ್ಸ್‌ಗೆ 69, ಕರಿ ಒಂದಕ್ಕೆ 49. 49ಕ್ಕೂ 50ಕ್ಕೂ ನಡುವೆ ಸಂಖ್ಯೆಯಿಲ್ಲ ಎಂಬುದು ನಿಜ. ಆದರೆ ಸ್ವರವನ್ನು ಬಗ್ಗಿಸಲು ಪ್ರತ್ಯೇಕ ಸಂದೇಶವಿದೆ, ಅದರಲ್ಲಿ 14 ಬಿಟ್‌ಗಳಿವೆ, ಅಂದರೆ 16,384 ಹಂತಗಳು. ಸಾಮಾನ್ಯ ನಿಗದಿಯಂತೆ ಅವು ಮೇಲೆ ಎರಡು, ಕೆಳಗೆ ಎರಡು ಅರ್ಧಸ್ವರಗಳ ಹರವನ್ನು ಹಂಚಿಕೊಳ್ಳುತ್ತವೆ. ಒಂದು ಅರ್ಧಸ್ವರವನ್ನು 100 ಸೆಂಟ್ ಎಂದು ಅಳೆದರೆ ಒಂದು ಹಂತ 0.025 ಸೆಂಟಿಗಿಂತ ಕಡಿಮೆ. ಎರಡು ಗಾಂಧಾರಗಳ ನಡುವಿನ ವ್ಯತ್ಯಾಸವೋ ಸುಮಾರು 14 ಸೆಂಟ್. ಯಂತ್ರದ ಸೂಕ್ಷ್ಮತೆ ಮನುಷ್ಯನ ಕಿವಿಯನ್ನು ಎಂದೋ ಮೀರಿದೆ. ಹಳೆಯ ಮಿಡಿಯಲ್ಲಿ ಈ ಬಗ್ಗಿಸುವಿಕೆ ಒಂದು ವಾಹಿನಿಯ ಎಲ್ಲ ಸ್ವರಗಳಿಗೂ ಒಟ್ಟಿಗೆ ತಗಲುತ್ತಿತ್ತು. ಪ್ರತಿ ಸ್ವರವನ್ನೂ ಬೇರೆಯಾಗಿ ಬಗ್ಗಿಸುವ ವಿಧಾನ 2018ರಲ್ಲಿಯೂ, ಅದನ್ನೇ ಅಡಕ ಮಾಡಿಕೊಂಡ ಮಿಡಿ 2.0 2020ರಲ್ಲಿಯೂ ಬಂದವು. ಕೊರತೆ ಇರುವುದು ಕಲ್ಪನೆಯಲ್ಲಿ. 1991ರಲ್ಲಿ ಪಟ್ಟಿಯಾದ 128 ಸಾಮಾನ್ಯ ವಾದ್ಯಗಳಲ್ಲಿ 105ನೆಯದು ಸಿತಾರ್, 112ನೆಯದು ಶಹನಾಯಿ. ತಂಬೂರಿ ಇಲ್ಲ, ತಬಲ ಇಲ್ಲ, ಏಕತಾರಿಯ ಮಾತೇ ಬೇಡ. ತಬಲದ ಕರಣೆಯಿಂದಾಗಿ ಅದರ ಉಪಸ್ವರಗಳು ತಂತಿವಾದ್ಯದಂತೆ ಸಂಗತವಾಗುತ್ತವೆ ಎಂದು ಸಿ. ವಿ. ರಾಮನ್ ಮತ್ತು ಶಿವಕಾಳಿ ಕುಮಾರ್ 1920ರಲ್ಲಿಯೇ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು!

ಧ್ವನಿಯನ್ನು ಹದಗೊಳಿಸುವ ತಂತ್ರಾಂಶದ ಬಗ್ಗೆ ಎರಡೇ ಮಾತು. ಅದರಲ್ಲಿ ಕ್ವಾಂಟೈಸ್ ಎಂಬ ಆಜ್ಞೆಯಿದೆ. ಪ್ರತಿ ಪೆಟ್ಟನ್ನೂ ಹತ್ತಿರದ ಗೆರೆಗೆ ಎಳೆದು ಕೂಡಿಸುತ್ತದೆ. ನಿಮಿಷಕ್ಕೆ 120ರ ಲಯದಲ್ಲಿ ಮಾತ್ರೆಯ ಕಾಲುಭಾಗ 125 ಮಿಲಿಸೆಕೆಂಡ್. ಒಂದು ಪೆಟ್ಟು 62 ಮಿಲಿಸೆಕೆಂಡಿನವರೆಗೂ ಸ್ಥಾನ ಬಿಡಬಹುದು. ಚಲನಚಿತ್ರ ಗೀತೆಗೆ ಹತ್ತು ಜನ ಹತ್ತು ದಿನ ಬೇರೆ ಬೇರೆ ನುಡಿಸಿದ್ದನ್ನು ಜೋಡಿಸುವವರಿಗೆ ಇದು ಬೇಕೇ ಬೇಕು, ಸ್ಟುಡಿಯೋದಲ್ಲಿ ಕೆಲಸ ಹುಡುಕುವ ವಿದ್ಯಾರ್ಥಿ ಕಲಿಯಲೂಬೇಕು. ಆದರೆ ಪದ ಏರಿದಂತೆ ದಮ್ಮಡಿಯ ಲಯವೂ ಏರುವ ತತ್ವಪದಕ್ಕೆ ಅದನ್ನು ಹಚ್ಚಿದರೆ ಉಳಿಯುವುದು ಗಡಿಯಾರ.

ಇನ್ನೊಂದು, ಸ್ವರವನ್ನು ‘ತಿದ್ದುವ’ ಸಾಧನ. 1997ರಲ್ಲಿ ಬಂದ ಆಟೋಟ್ಯೂನ್ ಇವುಗಳಲ್ಲಿ ಹೆಸರಾದದ್ದು. ಅದನ್ನು ರೂಪಿಸಿದ ಆ್ಯಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ತೈಲ ನಿಕ್ಷೇಪಗಳ ಶೋಧನೆಗಾಗಿ ಭೂಕಂಪನ ಅಲೆಗಳ ಸಂಕೇತಗಳನ್ನು ವಿಶ್ಲೇಷಿಸುತ್ತಿದ್ದವರು. ಅಲೆಯೊಂದನ್ನು ಸ್ವಲ್ಪ ಸ್ವಲ್ಪವೇ ಹಿಂದೆ ಸರಿಸಿ ಅದರೊಡನೆಯೇ ಹೋಲಿಸುತ್ತ ಹೋದರೆ, ಒಂದು ಪೂರ್ಣ ಅವಧಿಯಷ್ಟು ಸರಿಸಿದಾಗ ಹೋಲಿಕೆ ಮತ್ತೆ ಗರಿಷ್ಠವಾಗುತ್ತದೆ. ಸ್ವಸಹಸಂಬಂಧ ಎಂಬ ಈ ಗಣಿತದಿಂದ ಕೊರಳಿನ ಆವೃತ್ತಿ ಸಿಗುತ್ತದೆ. ಆಟೋಟ್ಯೂನ್ ಅದನ್ನು ಪಡೆದು ಹತ್ತಿರದ ಮೆಟ್ಟಿಲಿಗೆ ತಳ್ಳುತ್ತದೆ. ಇದೇ ಗಣಿತವನ್ನು ಬಳಸಿ ಏನನ್ನೂ ತಳ್ಳದೆ ಬರಿದೇ ಅಳೆದು ತೋರಿಸುವ ತಂತ್ರಾಂಶವೂ ಇದೆ. ಆ್ಯಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೋರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಧ್ವನಿಶಾಸ್ತ್ರಕ್ಕಾಗಿ ಸಿದ್ಧಪಡಿಸಿದ ಪ್ರಾಟ್. ಇದು ಉಚಿತ, ನೋಡಲು ಮಾತ್ರ ಸರಕಾರಿ ಕಚೇರಿಯಂತೆ ನೀರಸ.

ಸಂಗೀತ ಕಲಿಯುವ ವಿಜ್ಞಾನ ವಿದ್ಯಾರ್ಥಿ ಮೊದಲು ತೆರೆಯಬೇಕಾದದ್ದು ಇದನ್ನು ಎಂದು ನನ್ನ ಅಭಿಪ್ರಾಯ. ಹುಡುಗ ಮುತ್ಯಾನ ಅದೇ ಪದವನ್ನು ಇದಕ್ಕೆ ಕೊಟ್ಟಾಗ ಪಂಚಮದಿಂದ ಗಾಂಧಾರಕ್ಕೆ ಇಳಿಯುವ ಒಂದು ವಕ್ರರೇಖೆ ಪರದೆಯ ಮೇಲೆ ಮೂಡಿತು. ಮಧ್ಯಮದ ಬಳಿ ಅದು ಬಾಗಿ, ತುಸು ತಡೆದು, ಆಮೇಲೆ ಕೆಳಗಿಳಿದಿತ್ತು. ಎರಡು ತಿಂಗಳು ಬರೆಯಲಾಗದ್ದು ಅಲ್ಲಿತ್ತು. ಆದರೆ ಇಲ್ಲಿಯೂ ಎಚ್ಚರ ಬೇಕು. ಏಕತಾರಿ ಮತ್ತು ಕೊರಳು ಒಂದೇ ಮುದ್ರಣದಲ್ಲಿದ್ದರೆ ಲೆಕ್ಕ ತಪ್ಪುತ್ತದೆ. ರೇಖೆ ಇದ್ದಕ್ಕಿದ್ದಂತೆ ಒಂದು ಸ್ಥಾಯಿ ಮೇಲೆ ಅಥವಾ ಕೆಳಗೆ ನೆಗೆಯುತ್ತದೆ. ಹಾಡುವವರ ಕಿವಿಗೆ ಇಯರ್‌ಫೋನಿನಲ್ಲಿ ಶ್ರುತಿ ಕೊಟ್ಟು ಕೊರಳನ್ನಷ್ಟೇ ಮುದ್ರಿಸಿಕೊಂಡರೆ ರೇಖೆ ಸ್ವಚ್ಛವಾಗಿರುತ್ತದೆ.

ಆಡಾಸಿಟಿಯ ಬಣ್ಣದ ಚಿತ್ರ, ಅಂದರೆ ಆವೃತ್ತಿಗಳ ರೋಹಿತ, ನೋಡಲು ಸುಂದರ. ಆದರೆ ಗಾಂಧಾರದ ನ್ಯಾಯ ಅಲ್ಲಿ ತೀರುವುದಿಲ್ಲ. ಸೆಕೆಂಡಿಗೆ 44,100 ಮಾದರಿಗಳಂತೆ ಮುದ್ರಿಸಿ, ಒಮ್ಮೆಗೆ 2,048 ಮಾದರಿಗಳ ತುಂಡನ್ನು ವಿಶ್ಲೇಷಿಸಿದರೆ ತುಂಡಿನ ಅವಧಿ 46 ಮಿಲಿಸೆಕೆಂಡ್, ಆವೃತ್ತಿಯ ಮನೆಗಳ ನಡುವಿನ ಅಂತರ 21.5 ಹರ್ಟ್ಸ್. ಕರಿ ಒಂದಕ್ಕೂ ಮುಂದಿನ ಪಟ್ಟಿಗೂ ಇರುವ ಅಂತರವೇ 8.2 ಹರ್ಟ್ಸ್! ತುಂಡನ್ನು 32,768ಕ್ಕೆ ಹಿಗ್ಗಿಸಿದರೆ ಅಂತರ 1.35 ಹರ್ಟ್ಸ್‌ಗೆ ಇಳಿಯುತ್ತದೆ, ಆದರೆ ಅವಧಿ 0.74 ಸೆಕೆಂಡ್ ಆಗುತ್ತದೆ. ಅಷ್ಟರಲ್ಲಿ ಮೀಂಡ್ ಮುಗಿದೇ ಹೋಗಿರುತ್ತದೆ. ಕಾಲವನ್ನು ನಿಖರ ಮಾಡಿದರೆ ಆವೃತ್ತಿ ಮಸುಕು, ಆವೃತ್ತಿಯನ್ನು ನಿಖರ ಮಾಡಿದರೆ ಕಾಲ ಮಸುಕು. ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಇದರ ಬಂಧು ಯಾರೆಂದು ಹೇಳಬೇಕಿಲ್ಲ. ಹೈಸೆನ್‌ಬರ್ಗರ ತತ್ವವನ್ನು ಮುತ್ಯಾನ ಪದದಿಂದ ಪಾಠ ಮಾಡಲು ಬರುತ್ತದೆ, ನಾವು ಮಾಡುತ್ತಿಲ್ಲ ಅಷ್ಟೆ.

ಸಾಹಿತ್ಯವನ್ನು ಕನ್ನಡದಲ್ಲಿ ಕೂರಿಸುವುದು ಈಗ ಕಷ್ಟವಲ್ಲ, ಯೂನಿಕೋಡ್ ಅಕ್ಷರಗಳನ್ನು ಬಳಸಿದರೆ. ಹಳೆಯ ಫಾಂಟುಗಳ ಸಂಕೇತದಲ್ಲಿ ಬೆರಳಚ್ಚು ಮಾಡಿದ್ದು ಇನ್ನೊಂದು ಯಂತ್ರದಲ್ಲಿ ಕಲಸುಮೇಲೋಗರವಾಗುತ್ತದೆ. ಸೂಕ್ಷ್ಮವೊಂದು ಉಂಟು. ‘ಶರಣಪ್ಪ’ ಎಂಬುದು ಬರೆವಣಿಗೆಯಲ್ಲಿ ಶ-ರ-ಣ-ಪ್ಪ, ಹಾಡುವಾಗ ಶ-ರ-ಣಪ್-ಪ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ ಎಂದು ಛಂದಸ್ಸಿನ ಮೇಷ್ಟ್ರು ಹೇಳಿಕೊಟ್ಟದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ತಂತ್ರಾಂಶಕ್ಕೆ ಇದು ತಿಳಿಯದು. ಯಾವ ಸ್ವರದ ಕೆಳಗೆ ಏನು ಬರಬೇಕೆಂದು ನೀವೇ ಅಡ್ಡಗೆರೆ ಹಾಕಿ ಬಿಡಿಸಬೇಕು.

ಕೊನೆಯದಾಗಿ ಕಡತಗಳ ವಿಷಯ, ಏಕೆಂದರೆ ಮುತ್ಯಾನಂಥವರ ಕೊರಳು ಉಳಿಯುವುದು ಅಥವಾ ಹೋಗುವುದು ಇದರ ಮೇಲೆ ನಿಂತಿದೆ. 1988ರಿಂದ ಮಾರಾಟದಲ್ಲಿದ್ದ ಫಿನಾಲೆ ಎಂಬ ಪ್ರಸಿದ್ಧ ಸ್ವರಲಿಪಿ ತಂತ್ರಾಂಶವನ್ನು ಅದರ ಕಂಪನಿ ಆಗಸ್ಟ್ 2024ರಲ್ಲಿ ನಿಲ್ಲಿಸಿಬಿಟ್ಟಿತು. ಅದರ ಕಡತಗಳಲ್ಲಷ್ಟೇ ಸಂಗೀತವನ್ನು ಇಟ್ಟುಕೊಂಡವರು ಅವಸರದಲ್ಲಿ ಬೇರೆಡೆಗೆ ಸಾಗಿಸಬೇಕಾಯಿತು. ಬರೆದದ್ದನ್ನು ಹಲವು ತಂತ್ರಾಂಶಗಳು ಓದಬಲ್ಲ ಮ್ಯೂಸಿಕ್ಎಕ್ಸ್ಎಂಎಲ್ ರೂಪದಲ್ಲಿಯೂ ಒಂದು ಪ್ರತಿ ಇಡಿ. ಹಾಡಿದ್ದನ್ನು ಮೊದಲು ತಿದ್ದದೆ, ಕುಗ್ಗಿಸದೆ, ವೇವ್ ಕಡತವಾಗಿ ಇಡಿ. ಅಲಂಕಾರವೆಲ್ಲ ಅದರ ನಕಲಿನ ಮೇಲೆ. ಮೊಬೈಲಿನಲ್ಲಿ ಮುದ್ರಿಸುವುದಾದರೆ ಗದ್ದಲ ತಗ್ಗಿಸುವ ಆಯ್ಕೆಯನ್ನು ಆರಿಸಿರಿ. ಎಡೆಬಿಡದೆ ಮೊಳಗುವ ಏಕತಾರಿಯನ್ನೇ ಕೆಲವು ಆ್ಯಪ್‌ಗಳು ಗದ್ದಲವೆಂದು ಅಳಿಸಲು ಹೊರಡುತ್ತವೆ. ಪದ ಆರಂಭವಾಗುವ ಮೊದಲು ಐದು ಸೆಕೆಂಡ್ ಏಕತಾರಿಯೊಂದೇ ಇರಲಿ. ಮುಂದೆ ಯಾರಾದರೂ ಆ ದಿನದ ಷಡ್ಜವನ್ನು ಹರ್ಟ್ಸ್‌ನಲ್ಲಿ ಕಂಡುಕೊಳ್ಳಬಹುದು. ಊರು, ದಿನಾಂಕ, ಬಳಸಿದ ಸಾಧನ ಇವನ್ನು ಬಾಯಿಂದಲೇ ಹೇಳಿ ಮುದ್ರಿಸಿ. ಸೆಕೆಂಡಿಗೆ 44,100 ಮಾದರಿ, ಪ್ರತಿ ಮಾದರಿಗೆ 16 ಬಿಟ್ ಎಂದರೆ ಒಂದೇ ವಾಹಿನಿಯ ಮುದ್ರಣ ನಿಮಿಷಕ್ಕೆ 5.3 ಮೆಗಾಬೈಟ್, ಹತ್ತು ನಿಮಿಷದ ಪದ 53. ಹದಿನಾರು ಗಿಗಾಬೈಟಿನ ಒಂದು ಸಾಧಾರಣ ಪೆನ್‌ಡ್ರೈವಿನಲ್ಲಿ ಅಂಥ ಸುಮಾರು 300 ಪದಗಳು ಹಿಡಿಯುತ್ತವೆ.